ಸೆರೆಸಿಕ್ಕ ಶತ್ರುವಿನ ಸರಕು ಹಡಗು: ಬಂದರಿಗೆ ತಂದ ಮೇಲೆ ಮಾಲು ಯಾರ ಪಾಲು?

ದೀಪಸ್ತಂಭ:
ಮೊದಲ ಮಹಾಯುದ್ಧದ ನೌಕಾ ಇತಿಹಾಸ ಓದ್ತಾ ಇದ್ದೀನಿ. "ಶತ್ರುವಿನ ಸರಕು ಹಡಗನ್ನು ಸೆರೆಹಿಡಿದು ಬಂದರಿಗೆ ತಂದರು" ಅನ್ನೋ ಸಾಲು ಮತ್ತೆ ಮತ್ತೆ ಬರುತ್ತೆ, ಆಮೇಲೆ ಲೇಖಕರು ಮುಂದಿನ ಕಾಳಗಕ್ಕೆ ಹೋಗಿಬಿಡ್ತಾರೆ. ನನಗೆ ಬೇಕಿರೋದು ಅಲ್ಲಿಂದ ಮುಂದಿನ ಕಥೆ. ಹಡಗು ಯಾರ ವಶಕ್ಕೆ ಹೋಗುತ್ತೆ? ಮಾಲು ಇಳಿಸೋರು ಯಾರು, ಮಾರೋರು ಯಾರು? ಒಳಗಿರೋ ಸರಕೆಲ್ಲ ಶತ್ರುವಿನದೇ ಆಗಿರಲ್ಲವಲ್ಲ, ಯಾವುದೋ ತಟಸ್ಥ ದೇಶದ ವ್ಯಾಪಾರಿ ಸಾಲ ಮಾಡಿ ಕಳಿಸಿದ್ದೂ ಇರುತ್ತೆ. ಅವನು ಯಾರ ಬಾಗಿಲು ತಟ್ಟಬೇಕು? ನಾವಿಕರ ಗತಿ ಏನು? ಗೊತ್ತಿರೋರು ಹೇಳಿ.

ಮಸಿಕುಡಿಕೆ:
ಹಿಡಿದವರ ಪಾಲು. ಯುದ್ಧದಲ್ಲಿ ಇನ್ನೇನು ಕೇಳ್ತೀರಿ?

ಕಡತಪ್ರಿಯ:
ಅಲ್ಲ. ಹಿಡಿದ ತಕ್ಷಣ ಹಡಗು ಯಾರ ಆಸ್ತಿಯೂ ಆಗೋದಿಲ್ಲ. ಕ್ರಮ ಹೀಗಿರುತ್ತೆ: ಸೆರೆಹಿಡಿದ ಯುದ್ಧನೌಕೆ ತನ್ನ ಒಬ್ಬ ಅಧಿಕಾರಿಯನ್ನೂ ಕೆಲವು ನಾವಿಕರನ್ನೂ ಆ ಹಡಗಿಗೆ ಹತ್ತಿಸುತ್ತೆ. ಅವರು ಅದನ್ನು ತಮ್ಮ ದೇಶದ ಬಂದರಿಗೆ ನಡೆಸಿಕೊಂಡು ಬರಬೇಕು. ನೋಂದಣಿ ಪತ್ರ, ಲಾಗ್ ಪುಸ್ತಕ, ಮ್ಯಾನಿಫೆಸ್ಟ್ (ಸರಕಿನ ಪಟ್ಟಿ), ಬಿಲ್ ಆಫ್ ಲೇಡಿಂಗ್ (ಹಡಗಿಗೆ ಹೇರಿದ ಮಾಲಿನ ರಸೀದಿ), ಎಲ್ಲ ಕಾಗದಗಳನ್ನೂ ಹಾಗೇ ಕಾಪಾಡಬೇಕು, ಯಾಕೆಂದರೆ ಮುಂದಿನ ಇಡೀ ಮೊಕದ್ದಮೆ ನಿಲ್ಲೋದು ಅವುಗಳ ಮೇಲೆ. ಬಂದರಿಗೆ ಬಂದ ಮೇಲೆ ಹಡಗು ನೌಕಾಪಡೆಯ ಕೈಯಿಂದ ಕೋರ್ಟಿನ ಅಧಿಕಾರಿಯ ವಶಕ್ಕೆ ಹೋಗುತ್ತೆ. ಬ್ರಿಟನ್ನಿನಲ್ಲಿ ಅವನನ್ನು ಅಡ್ಮಿರಾಲ್ಟಿ ಮಾರ್ಷಲ್ ಅಂತಾರೆ. ಸರ್ಕಾರ ಪ್ರೈಜ್ ಕೋರ್ಟಿನಲ್ಲಿ, ಅಂದರೆ ಯುದ್ಧದಲ್ಲಿ ಹಿಡಿದ ಹಡಗು, ಸರಕು ಯಾರದ್ದು ಅಂತ ತೀರ್ಮಾನಿಸೋ ಕೋರ್ಟಿನಲ್ಲಿ, ದಾವೆ ಹೂಡುತ್ತೆ, ಹಕ್ಕುದಾರರು ಬಂದು ವಾದಿಸಬಹುದು. ಕೋರ್ಟು "ಜಪ್ತಿ" ಅಂತ ತೀರ್ಪು ಕೊಟ್ಟ ಮೇಲಷ್ಟೇ ಒಡೆತನ ಬದಲಾಗೋದು. ಕೊಳೆಯುವ ಮಾಲಿದ್ದರೆ ತೀರ್ಪಿಗೆ ಕಾಯದೆ ಹರಾಜು ಹಾಕಿ ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡ್ತಾರೆ. ಗೆದ್ದವನಿಗೆ ಆ ಹಣ ಸಿಗುತ್ತೆ.

ತಟಸ್ಥ ವ್ಯಾಪಾರಿಯ ಪ್ರಶ್ನೆಗೆ 1856ರ ಪ್ಯಾರಿಸ್ ಘೋಷಣೆ ನೋಡಿ. ಶತ್ರುವಿನ ಹಡಗಿನಲ್ಲಿದ್ದರೂ ತಟಸ್ಥರ ಮಾಲನ್ನು ಮುಟ್ಟುವ ಹಾಗಿಲ್ಲ, ಅದು ಯುದ್ಧನಿಷಿದ್ಧ ಸರಕಾಗಿದ್ದರೆ (ಶತ್ರುವಿನ ಯುದ್ಧಕ್ಕೆ ನೆರವಾಗೋ ಮಾಲಾಗಿದ್ದರೆ) ಮಾತ್ರ ಬೇರೆ. ಆದರೆ ಶತ್ರು ಹಡಗಿನಲ್ಲಿ ಸಿಕ್ಕಿದ್ದೆಲ್ಲ ಶತ್ರುವಿನದೇ ಅನ್ನೋ ಊಹೆಯಿಂದ ಕೋರ್ಟು ಶುರುಮಾಡುತ್ತೆ. ನನ್ನದು ಅಂತ ಸಾಬೀತು ಮಾಡೋ ಹೊರೆ ಆ ವ್ಯಾಪಾರಿಯ ತಲೆ ಮೇಲೆ.

ಬಡಗಣಗಾಳಿ:
ಕಾಗದದ ಮ್ಯಾಲೆ ಚಂದ ಐತ್ರಿ. ಹಿಡಿಯೋರು ಅವರ ನೌಕಾಪಡೆ, ದಾವೆ ಹಾಕೋರು ಅವರ ಸರ್ಕಾರ, ತೀರ್ಪು ಕೊಡೋರು ಅವರ ನ್ಯಾಯಾಧೀಶರು. ಬೇಲಿನೇ ಎದ್ದು ಹೊಲ ಮೇಯೋದಕ್ಕ ಕೋರ್ಟ್ ಅಂತ ಹೆಸರಿಟ್ರ ಅದು ನ್ಯಾಯ ಆಗ್ತದೇನ್ರಿ? ಲೂಟಿಗೆ ರಸೀದಿ ಕೊಡೋ ಕಚೇರಿ ಅದು.

ನ್ಯಾಯದಂಡೆ:
@ಬಡಗಣಗಾಳಿ ಈ ಆಕ್ಷೇಪ ಹೊಸದಲ್ಲ ಸರ್. 1907ರ ಹೇಗ್ ಸಮ್ಮೇಳನದಲ್ಲಿ ಇದೇ ಕಾರಣಕ್ಕೆ ಅಂತರರಾಷ್ಟ್ರೀಯ ಪ್ರೈಜ್ ಕೋರ್ಟ್ ಬೇಕು ಅಂತ ಒಪ್ಪಂದವನ್ನೇ ಬರೆದರು. ಅದು ಯಾವತ್ತೂ ಜಾರಿಗೆ ಬರಲಿಲ್ಲ. ಅದಕ್ಕೆ ಪೂರಕವಾಗಿ ಬಂದ 1909ರ ಲಂಡನ್ ಘೋಷಣೆಗೂ ಅನುಮೋದನೆ ಸಿಗಲಿಲ್ಲ. ಹಾಗಾಗಿ 1914ರಲ್ಲಿ ಪ್ರತಿ ದೇಶವೂ ತನ್ನದೇ ಕೋರ್ಟು ಇಟ್ಟುಕೊಂಡೇ ಯುದ್ಧಕ್ಕಿಳೀತು. ಜರ್ಮನಿಗೆ ಹ್ಯಾಂಬರ್ಗ್, ಕೀಲ್‌ನಲ್ಲಿ ಕೋರ್ಟು, ಮೇಲ್ಮನವಿಗೆ ಬರ್ಲಿನ್.

ಆದರೆ "ಬರೀ ರಸೀದಿ" ಅನ್ನೋದನ್ನ ನಾನು ಒಪ್ಪಲ್ಲ. "ಜಮೋರಾ" ಮೊಕದ್ದಮೆ ಓದಿ. ಸ್ವೀಡನ್ನಿನ ಹಡಗು, ನ್ಯೂಯಾರ್ಕಿನಿಂದ ಸ್ಟಾಕ್‌ಹೋಮಿಗೆ ತಾಮ್ರ ಒಯ್ಯುತ್ತಿತ್ತು. 1915ರ ಏಪ್ರಿಲ್‌ನಲ್ಲಿ ಬ್ರಿಟಿಷರು ತಡೆದು ಬ್ಯಾರೋ ಬಂದರಿಗೆ ತಂದರು. ವಿಚಾರಣೆ ಮುಗಿಯೋ ಮೊದಲೇ ಯುದ್ಧ ಇಲಾಖೆ "ತಾಮ್ರ ನಮಗೆ ಬೇಕು, ಕೊಡಿ" ಅಂತು. ಅದಕ್ಕೆ ರಾಜಾಜ್ಞೆಯ ಬೆಂಬಲವೂ ಇತ್ತು. 1916ರಲ್ಲಿ ಮೇಲ್ಮನವಿ ಕೇಳೋ ಪ್ರಿವಿ ಕೌನ್ಸಿಲ್ ಏನು ಹೇಳಿತು ಗೊತ್ತಾ? ಪ್ರೈಜ್ ಕೋರ್ಟು ನಡೆಸೋದು ರಾಷ್ಟ್ರರಾಷ್ಟ್ರಗಳ ನಡುವಿನ ಕಾನೂನನ್ನು, ಸರ್ಕಾರದ ಆಜ್ಞೆ ಆ ಕಾನೂನನ್ನು ಬದಲಿಸೋಕೆ ಆಗಲ್ಲ ಅಂತ. ತುರ್ತು ಅಗತ್ಯ ಇದೆ, ವಿಚಾರಣೆಗೆ ಯೋಗ್ಯವಾದ ಪ್ರಶ್ನೆಯೂ ಇದೆ ಅಂತ ನ್ಯಾಯಾಧೀಶನಿಗೆ ಮನವರಿಕೆ ಆದರೆ ಮಾತ್ರ ಮಾಲು ಎತ್ತಬಹುದು ಅಂತ. ಯುದ್ಧ ಅತ್ಯಂತ ಬಿಸಿಯಾಗಿದ್ದ ಹೊತ್ತಲ್ಲಿ ತನ್ನದೇ ಸರ್ಕಾರದ ಕೈ ಹಿಡಿದ ತೀರ್ಪು ಅದು. ನನಗೆ ಅದರ ಮೇಲೆ ತುಂಬಾ ಗೌರವ ಇದೆ.

ಬಡಗಣಗಾಳಿ:
ಪೂರ್ತಿ ಕಥಿ ಹೇಳ್ರಿ ಮತ್ತ. ಯುದ್ಧ ಮುಗಿದ ಮ್ಯಾಲೆ 1921ರಾಗ ಅದೇ ಜಮೋರಾ ಮತ್ತ ಪ್ರಿವಿ ಕೌನ್ಸಿಲ್‌ಗೆ ಬಂತು. ಆವಾಗ ತಾಮ್ರನೂ ಹೋತು, ಹಡಗೂ ಹೋತು. ತತ್ವ ಗೆದ್ದಿದ್ದು ಖರೆ, ಮಾಲಿನ ಮಾಲಕಗ ಸಿಕ್ಕಿದ್ದೇನು?

ನ್ಯಾಯದಂಡೆ:
ಸಿಕ್ಕಿದ್ದು ವಿಚಾರಣೆ. ಸಾಕ್ಷ್ಯ ನೋಡಿ ಸೋಲಿಸೋದಕ್ಕೂ ನೋಡದೇ ಕಿತ್ತುಕೊಳ್ಳೋದಕ್ಕೂ ಅಜಗಜಾಂತರ.

ಬಂದರುಕಾಗೆ:
ನೀವೆಲ್ಲ ಬ್ರಿಟಿಷರ ಕೋರ್ಟಿನಲ್ಲೇ ಸಿಕ್ಕಿಹಾಕಿಕೊಂಡ್ರಲ್ಲ ಮಾರಾಯ್ರೆ. ಹಡಗು ಹಿಡಿದವನಿಗೆ ಬಂದರೇ ಇಲ್ಲದಿದ್ದರೆ? ಜರ್ಮನ್ ಯುದ್ಧನೌಕೆ ಎಮ್ಡೆನ್ ನೋಡಿ. 1914ರ ಸೆಪ್ಟೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಸಾಲುಸಾಲಾಗಿ ಹಡಗು ಹಿಡಿದ. ಒಂದನ್ನೂ ಜರ್ಮನಿಗೆ ಒಯ್ಯುವ ಹಾಗಿಲ್ಲ, ದಾರಿ ಉದ್ದಕ್ಕೂ ಬ್ರಿಟಿಷ್ ನೌಕಾಪಡೆ. ಹಾಗಾಗಿ ಬೇಕಾದ್ದು ಇಳಿಸಿಕೊಂಡು ಮುಳುಗಿಸಿದ. "ಇಂಡಸ್" ಹಡಗಿನಲ್ಲಿ ರಾಶಿ ಸಾಬೂನು ಸಿಕ್ಕಿತು, ಎಮ್ಡೆನ್ನಿನವರಿಗೆ ಅದೇ ದೊಡ್ಡ ಭಾಗ್ಯ ಆಯ್ತು. ಕಲ್ಲಿದ್ದಲಿನ ಹಡಗು ಸಿಕ್ಕರೆ ಮುಳುಗಿಸಲಿಲ್ಲ, ಜೊತೆಗೇ ಇಟ್ಟುಕೊಂಡ. ಗ್ರೀಕ್ ಹಡಗು ಪೊಂಟೊಪೊರೊಸ್, ಆಮೇಲೆ ಬ್ಯುರೆಸ್ಕ್.

ಆದರೆ "ಕಬಿಂಗಾ"ವನ್ನು ಮುಳುಗಿಸಲಿಲ್ಲ ಗೊತ್ತುಂಟಾ? ಹಡಗು ಬ್ರಿಟಿಷರದ್ದೇ, ಆದರೆ ಒಳಗಿದ್ದ ಮಾಲು ಅಮೆರಿಕದವರದ್ದು. ಅಮೆರಿಕ ಆಗ ತಟಸ್ಥ. ಮುಳುಗಿಸಿದರೆ ಮಾಲಿನ ಬೆಲೆಯನ್ನು ಜರ್ಮನ್ ಸರ್ಕಾರ ಕಟ್ಟಿಕೊಡಬೇಕಾಗ್ತಿತ್ತು. ಅದಕ್ಕೇ ಕ್ಯಾಪ್ಟನ್ ಮ್ಯುಲರ್ ತಾನು ಹಿಡಿದಿದ್ದ ಬೇರೆ ಹಡಗುಗಳ ನಾವಿಕರನ್ನೆಲ್ಲ ಅದಕ್ಕೆ ಹತ್ತಿಸಿ ಬಿಟ್ಟುಬಿಟ್ಟ. ಕಡತಪ್ರಿಯರು ಹೇಳಿದ 1856ರ ನಿಯಮ ನಡುಸಮುದ್ರದಲ್ಲಿ, ಒಬ್ಬನೇ ಒಬ್ಬ ನ್ಯಾಯಾಧೀಶ ಇಲ್ಲದ ಜಾಗದಲ್ಲಿ ಕೆಲಸ ಮಾಡಿದ್ದು ಹೀಗೆ.

ದೀಪಸ್ತಂಭ:
@ಬಂದರುಕಾಗೆ ವಾಹ್, ಇದು ಗೊತ್ತಿರಲಿಲ್ಲ. ಇನ್ನೊಂದು ಪ್ರಶ್ನೆ. ಯುದ್ಧ ಶುರುವಾದ ದಿನ ಶತ್ರು ದೇಶದ ಬಂದರಿನಲ್ಲೇ ಲಂಗರು ಹಾಕಿದ್ದ ಹಡಗುಗಳು? ಅವಕ್ಕೆ ಓಡಿಹೋಗೋಕೂ ಸಮಯ ಇರಲ್ಲವಲ್ಲ.

ಕಡತಪ್ರಿಯ:
ಅದಕ್ಕೆ ಹೇಗ್ ಆರನೆಯ ಒಪ್ಪಂದ ಇತ್ತು. ಅಂಥ ಹಡಗಿಗೆ ಹೊರಟುಹೋಗಲು ಕೆಲವು ದಿನ ಬಿಡುವು ಕೊಡೋದು ಒಳ್ಳೆಯದು ಅಂತ ಅದರ ಆಶಯ. ಹೊರಡಲಾಗದೆ ಉಳಿದದ್ದನ್ನು ಜಪ್ತಿ ಮಾಡುವ ಹಾಗಿಲ್ಲ. ಯುದ್ಧ ಮುಗಿಯೋವರೆಗೆ ತಡೆದಿಟ್ಟು ಆಮೇಲೆ ಹಿಂದಿರುಗಿಸಬೇಕು, ಇಲ್ಲವೇ ಪರಿಹಾರ ಕೊಟ್ಟು ಬಳಸಿಕೊಳ್ಳಬೇಕು. 1914ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರೈಜ್ ಕೋರ್ಟು ಕೂತಿತು, ಕ್ರಿಮಿಯಾ ಯುದ್ಧದ ಕಾಲದ ನಂತರ ಅದೇ ಮೊದಲು. ಮೊದಲ ಮೊಕದ್ದಮೆ ಕಾರ್ಡಿಫ್‌ನಲ್ಲಿ ಸಿಕ್ಕಿದ್ದ "ಚಿಲಿ" ಅನ್ನೋ ಜರ್ಮನ್ ಹಡಗಿನದು. ನ್ಯಾಯಾಧೀಶ ಸ್ಯಾಮ್ಯುಯೆಲ್ ಇವಾನ್ಸ್ ಜಪ್ತಿ ಮಾಡಲಿಲ್ಲ, ಮುಂದಿನ ಆದೇಶದವರೆಗೆ ತಡೆಹಿಡಿಯಿರಿ ಅಂದರು. ಆದರೆ ಅಮೆರಿಕ ಈ ಒಪ್ಪಂದಕ್ಕೆ ಸೇರಲೇ ಇಲ್ಲ, ಬ್ರಿಟನ್ 1925ರಲ್ಲಿ ಅದರಿಂದ ಹೊರಬಂತು.

ಲಂಗರು:
ವಾಣಿಜ್ಯ ಹಡಗುಗಳಲ್ಲಿ ಚೀಫ್ ಆಫೀಸರ್ ಆಗಿ ದುಡಿದವನು ನಾನು. ಕಾನೂನು ನನ್ನ ಕ್ಷೇತ್ರ ಅಲ್ಲ, ಹಡಗು ನನ್ನ ಕ್ಷೇತ್ರ. ಅದರ ಕಡೆಯಿಂದ ಎರಡು ಮಾತು.

ಸೆರೆಸಿಕ್ಕ ಹಡಗನ್ನು ಓಡಿಸೋದು ಸುಲಭ ಅಂದುಕೊಳ್ಳಬೇಡಿ. ಪ್ರತಿ ಹಡಗಿನ ಎಂಜಿನ್ ಕೋಣೆಗೂ ಅದರದೇ ಸ್ವಭಾವ ಇರುತ್ತೆ, ಎಲ್ಲ ಫಲಕಗಳೂ ಪರಭಾಷೆಯಲ್ಲಿ, ಬಿಡಿಭಾಗ ತಯಾರಾಗೋದು ಶತ್ರು ದೇಶದಲ್ಲಿ. ಅದರ ಮೇಲೆ ಹಳೆ ಸಿಬ್ಬಂದಿ ಬಿಟ್ಟುಹೋಗೋ ಮೊದಲು ಯಂತ್ರ ಕೆಡಿಸಿರ್ತಾರೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅಲ್ಲಿನ ಬಂದರುಗಳಲ್ಲಿ ತೊಂಬತ್ತರಷ್ಟು ಜರ್ಮನ್ ಹಡಗುಗಳು ಸರ್ಕಾರದ ಕೈಗೆ ಬಂದವು. ಹಲವುದರ ಎರಕಹೊಯ್ದ ಸಿಲಿಂಡರುಗಳನ್ನು ಜರ್ಮನ್ ಸಿಬ್ಬಂದಿ ಒಡೆದುಹಾಕಿದ್ದರು. ಹೊಸ ಸಿಲಿಂಡರ್ ಎರಕ ಹೊಯ್ದು ಕೂರಿಸೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಯುದ್ಧದ ದಿಕ್ಕೇ ಬದಲಾಗಬಹುದು. ಅಮೆರಿಕದ ನೌಕಾಪಡೆ ಎಂಜಿನಿಯರುಗಳು ವಿದ್ಯುತ್ ವೆಲ್ಡಿಂಗ್‌ನಿಂದ ಒಡೆದ ತುಂಡುಗಳನ್ನು ಬೆಸೆದು ಎಂಜಿನ್‌ಗಳನ್ನು ಮತ್ತೆ ಎಬ್ಬಿಸಿದರು. ಎರಕದ ಕಬ್ಬಿಣವನ್ನು, ಅದೂ ಹಬೆಯ ಒತ್ತಡ ತಡೆಯೋ ಸಿಲಿಂಡರನ್ನು, ವೆಲ್ಡ್ ಮಾಡೋದು ಅಂದರೆ ಇವತ್ತಿಗೂ ಕೈ ನಡುಗೋ ಕೆಲಸ. ಆ ಹಡಗುಗಳಲ್ಲಿ ಅತಿ ದೊಡ್ಡದು "ಫಾಟರ್‌ಲಾಂಟ್", ಹೋಬೋಕೆನ್‌ನಲ್ಲಿ ಕಟ್ಟಿಹಾಕಿತ್ತು. ಅದೇ "ಲೆವಯಾಥನ್" ಆಗಿ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಯುರೋಪಿಗೆ ಸಾಗಿಸಿತು. ಜರ್ಮನ್ ಹಡಗಿನಲ್ಲಿ ಕೂತು ಜರ್ಮನಿಯ ವಿರುದ್ಧ ಹೋರಾಡೋಕೆ ಹೋದರು!

ಇನ್ನು ಕಾಗದಪತ್ರ. ಮಾಲು ಹೊತ್ತ ಹಡಗಿನಲ್ಲಿ ಬಿಲ್ ಆಫ್ ಲೇಡಿಂಗ್ ಎಂದರೆ ಬರೀ ಕಾಗದ ಅಲ್ಲ, ಅದು ಯಾರ ಕೈಲಿದೆಯೋ ಮಾಲು ಅವರದ್ದು ಅಂತ ವ್ಯಾಪಾರಲೋಕ ನಂಬುತ್ತೆ. ಹಡಗು ದಾರಿಯಲ್ಲಿರುವಾಗಲೇ ಅದು ಬ್ಯಾಂಕಿನಿಂದ ಬ್ಯಾಂಕಿಗೆ ಕೈ ಬದಲಾಯಿಸುತ್ತೆ. ಪ್ರೈಜ್ ಕೋರ್ಟು ಇದನ್ನ ಹೇಗೆ ನೋಡ್ತಿತ್ತು?

ನ್ಯಾಯದಂಡೆ:
@ಲಂಗರು ಸರ್, ನಿಮ್ಮ ಪ್ರಶ್ನೆಗೆ ಉತ್ತರ "ಒಡೆಸ್ಸಾ" ಮೊಕದ್ದಮೆಯಲ್ಲಿದೆ. ಚಿಲಿಯಿಂದ ನೈಟ್ರೇಟ್ ಹೊತ್ತು ಬರುತ್ತಿದ್ದ ಜರ್ಮನ್ ಹಡಗು. ಮಾಲು ಜರ್ಮನ್ ಕಂಪನಿಯದು, ಆದರೆ ಅದರ ಮೇಲೆ ಸಾಲ ಕೊಟ್ಟು ಬಿಲ್ ಆಫ್ ಲೇಡಿಂಗ್ ಅಡವಿಟ್ಟುಕೊಂಡಿದ್ದು ಲಂಡನ್ನಿನ ಬ್ಯಾಂಕು. ಯುದ್ಧ ಬಂದು ಮಾಲು ಸಿಕ್ಕಿಬಿತ್ತು. "ಅಡವಿನ ಹಕ್ಕು ನಮ್ಮದು, ನಾವು ಬ್ರಿಟಿಷರು, ಸಾಲ ತೀರಿಸಿಕೊಂಡು ಉಳಿದದ್ದು ನೀವಿಟ್ಟುಕೊಳ್ಳಿ" ಅಂತ ಬ್ಯಾಂಕು ವಾದಿಸಿತು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಕೋರ್ಟು ನೋಡೋದು ಕಾನೂನುಬದ್ಧ ಒಡೆತನ ಮಾತ್ರ, ಅಡವನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಪ್ರತಿ ಶತ್ರು ಸರಕಿಗೂ ಸಾಲ ಕೊಟ್ಟವನೊಬ್ಬ ಹುಟ್ಟಿಕೊಳ್ತಾನೆ ಅನ್ನೋ ಧಾಟಿ. ಸರ್ಕಾರ ಕೃಪೆಯಿಂದ ಏನಾದರೂ ಕೊಟ್ಟರೆ ಅದು ಬೇರೆ ಮಾತು, ಹಕ್ಕು ಅಂತ ಕೇಳುವ ಹಾಗಿಲ್ಲ. ಇಂಥ ಮನವಿಗಳನ್ನು ಪರಿಶೀಲಿಸೋಕೆ ಸಮಿತಿಯೊಂದನ್ನು ಮಾಡಿದರು.

ಬಡಗಣಗಾಳಿ:
ನೋಡ್ರಿ, ತಮ್ಮ ದೇಶದ ಬ್ಯಾಂಕಿಗೇ ಹಕ್ಕಿಲ್ಲ ಅಂದ್ರು. ಇದರಾಗ ಪಕ್ಷಪಾತ ಇಲ್ಲ ಅಂತ ಒಪ್ತೀನಿ. ಆದ್ರ ಒಂದು ತಿಳೀರಿ, ಕೋರ್ಟು ಯಾವಾಗೆಲ್ಲ ಕಟ್ಟುನಿಟ್ಟು ಆಗೇದೋ ಆವಾಗೆಲ್ಲ ಲಾಭ ಬೊಕ್ಕಸಕ್ಕ. 1915ರ ಮಾರ್ಚ್ 11ರ ಆಜ್ಞಾ ತಗೋರಿ. ಜರ್ಮನಿಗೆ ಹೋಗೋ, ಜರ್ಮನಿಯಿಂದ ಬರೋ ಎಲ್ಲಾ ಮಾಲು ತಡೀರಿ ಅಂದ್ರು, ನಿಷಿದ್ಧ ಸರಕೋ ಅಲ್ಲೋ ಅಂತ ನೋಡೋದೇ ಬಿಟ್ರು. ಪ್ರತೀಕಾರ ಅಂತ ಹೆಸರು. ಕೋರ್ಟು ಅದನ್ನ ಎತ್ತಿಹಿಡೀತು. 1856ರ ಮಾತು ಆವಾಗ ಎಲ್ಲಿ ಹೋತು?

ಮಸಿಕುಡಿಕೆ:
ಜರ್ಮನ್ನರು ಹೇಳದೇ ಕೇಳದೇ ಹಡಗು ಮುಳುಗಿಸ್ತಿದ್ದಾಗ ಬ್ರಿಟಿಷರು ಸುಮ್ನೆ ಕೂರಬೇಕಿತ್ತಾ?

ಬಡಗಣಗಾಳಿ:
ಸುಮ್ನ ಕೂಡಬೇಕು ಅಂದೆನೇನ್ರಿ ನಾ? ಜರ್ಮನಿ ಮಾಡಿದ್ದಕ್ಕ ಡೆನ್ಮಾರ್ಕಿನ ವ್ಯಾಪಾರಿ ಯಾಕ ದಂಡ ಕಟ್ಟಬೇಕು ಅಂತ ಕೇಳಾಕತ್ತೀನಿ.

ಕಡತಪ್ರಿಯ:
ಡೆನ್ಮಾರ್ಕಿನ ಮಾತು ಬಂತಲ್ಲ, "ಕಿಮ್" ಮೊಕದ್ದಮೆ ಹೇಳಲೇಬೇಕು. 1914ರ ಅಕ್ಟೋಬರ್, ನವೆಂಬರಿನಲ್ಲಿ ನಾಲ್ಕು ತಟಸ್ಥ ಹಡಗುಗಳು ಅಮೆರಿಕದಿಂದ ಕೋಪನ್‌ಹೇಗನ್ನಿಗೆ ಹೊರಟವು. ಯುದ್ಧಕ್ಕೆ ಮೊದಲು ಡೆನ್ಮಾರ್ಕಿಗೆ ಎಲ್ಲ ಕಡೆಯಿಂದ ವರ್ಷಕ್ಕೆ ಬರುತ್ತಿದ್ದ ಹಂದಿ ಕೊಬ್ಬು ಸರಾಸರಿ 15 ಲಕ್ಷ ಪೌಂಡಿಗಿಂತ ಕಡಿಮೆ. ಈ ನಾಲ್ಕೇ ಹಡಗುಗಳಲ್ಲಿ, ಒಂದು ತಿಂಗಳೊಳಗೆ ಹೊರಟದ್ದು 1.9 ಕೋಟಿ ಪೌಂಡಿಗೂ ಹೆಚ್ಚು. ಹದಿಮೂರು ಪಟ್ಟು! ಡೆನ್ಮಾರ್ಕ್ ಸ್ವತಃ ಮಾಂಸ ರಫ್ತು ಮಾಡೋ ದೇಶ. ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು ಅಂತ ಊಹಿಸೋದು ಕಷ್ಟವೇ? ಇವಾನ್ಸ್ ಆ ಅಂಕಿಗಳನ್ನೇ ಮುಂದಿಟ್ಟು ಬಹುಪಾಲು ಮಾಲು ಜಪ್ತಿ ಮಾಡಿದರು. ತಟಸ್ಥ ವ್ಯಾಪಾರಿಗಳೆಲ್ಲ ಪಾಪದವರು ಅನ್ನೋದೂ ಸರಿಯಲ್ಲ.

ಬಂದರುಕಾಗೆ:
ಪಾಪದವರೂ ಇದ್ರು. 1898ರ ಸ್ಪೇನ್ ಅಮೆರಿಕ ಯುದ್ಧದಲ್ಲಿ ಕ್ಯೂಬಾದ ಎರಡು ಮೀನುಗಾರಿಕೆ ದೋಣಿ ಹಿಡಿದರು. ಒಂದರ ಹೆಸರು ಪಾಕೆಟೆ ಹಬಾನಾ. ಆ ಮೀನುಗಾರರಿಗೆ ಯುದ್ಧ ಶುರುವಾದದ್ದೇ ಗೊತ್ತಿರಲಿಲ್ಲ, ಹಿಡಿಯುವಾಗ ದೋಣಿಯಲ್ಲಿದ್ದದ್ದು ಜೀವಂತ ಮೀನು. ಕೀ ವೆಸ್ಟ್‌ನಲ್ಲಿ ಹರಾಜು ಹಾಕಿದರು, ಒಂದು 490 ಡಾಲರಿಗೆ, ಇನ್ನೊಂದು 800ಕ್ಕೆ. 1900ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ತಪ್ಪು, ದಡದ ಹತ್ತಿರ ಮೀನು ಹಿಡಿದು ಬದುಕುವವರ ದೋಣಿಯನ್ನು ಮುಟ್ಟಬಾರದು ಅನ್ನೋದು ಶತಮಾನಗಳ ರೂಢಿ, ದುಡ್ಡು ವಾಪಸ್ ಕೊಡಿ, ನಷ್ಟವನ್ನೂ ಕಟ್ಟಿಕೊಡಿ ಅಂತ ಹೇಳಿತು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ತೀರ್ಪು ಇದೇ ಮಾರಾಯ್ರೆ.

ಬಡಗಣಗಾಳಿ:
ಇದಕ್ಕ ಮಾತ್ರ ಕೈ ಮುಗಿದೆ.

ಹಾಯಿಪಟ:
ಹರಾಜಿನ ಹಣ ನಾವಿಕರಿಗೆ ಹಂಚುತ್ತಿದ್ದರಲ್ಲ? ಅದರ ಬಗ್ಗೆ ಯಾರೂ ಹೇಳಲಿಲ್ಲ.

ಕಡತಪ್ರಿಯ:
ಹೌದು. 1708ರ ಬ್ರಿಟಿಷ್ ಕಾಯ್ದೆಯಿಂದ ಜಪ್ತಿಯ ಪೂರ್ತಿ ಬೆಲೆ ಹಿಡಿದವರಿಗೇ ಹೋಗುತ್ತಿತ್ತು. 1762ರಲ್ಲಿ ಸ್ಪೇನಿನ "ಹರ್ಮಿಯೋನಿ" ಅನ್ನೋ ನಿಧಿ ಹಡಗು ಸಿಕ್ಕಾಗ ಇಬ್ಬರು ಕ್ಯಾಪ್ಟನ್‌ಗಳಿಗೆ ತಲಾ ಸುಮಾರು 65,000 ಪೌಂಡ್, ಸಾಮಾನ್ಯ ನಾವಿಕನಿಗೂ 480 ಪೌಂಡಿಗೂ ಹೆಚ್ಚು ಬಂತು. ಅವನ ಹತ್ತಾರು ವರ್ಷದ ಸಂಬಳ ಅದು. ಇದರ ಕೆಡುಕು ಏನೆಂದರೆ ಕ್ಯಾಪ್ಟನ್‌ಗಳು ಯುದ್ಧನೌಕೆಯನ್ನು ಬಿಟ್ಟು ಕೊಬ್ಬಿದ ಸರಕು ಹಡಗನ್ನೇ ಬೆನ್ನಟ್ಟುತ್ತಿದ್ದರು. ಅಮೆರಿಕ 1899ರಲ್ಲೇ ಈ ಪದ್ಧತಿ ಕೈಬಿಟ್ಟಿತು. ಬ್ರಿಟನ್ ಮೊದಲ ಮಹಾಯುದ್ಧದಲ್ಲಿ ಹಿಡಿದ ಹಡಗಿಗೇ ಅಂತ ಕೊಡದೆ ಒಂದೇ ನಿಧಿಗೆ ಹಾಕಿ ಇಡೀ ನೌಕಾಪಡೆಗೆ ಹಂಚಿತು. 1948ರ ಕಾಯ್ದೆಯಿಂದ ಕೊನೆಗೊಳಿಸಿತು.

ಲಂಗರು:
ಒಳ್ಳೆಯ ನಿರ್ಧಾರ. ಪಾಲಿನ ಆಸೆ ಇದ್ದಲ್ಲಿ ಶಿಸ್ತು ಉಳಿಯೋದು ಕಷ್ಟ.

ದೀಪಸ್ತಂಭ:
ಜಪ್ತಿಯಾದ ಹಡಗನ್ನು ಮಾರದೆ ಸರ್ಕಾರವೇ ಇಟ್ಟುಕೊಂಡರೆ ನಡೆಸುತ್ತಿದ್ದವರು ಯಾರು? ಮಂತ್ರಿಗಳ ಕಚೇರಿಯಿಂದ ಹಡಗು ಓಡಿಸೋಕಾಗುತ್ತಾ?

ಲಂಗರು:
ಆಗಲ್ಲ, ಅದಕ್ಕೇ ಖಾಸಗಿ ಹಡಗು ಕಂಪನಿಗಳಿಗೆ ನಿರ್ವಹಣೆ ವಹಿಸ್ತಿದ್ದರು. ಒಡೆತನ ಸರ್ಕಾರದ್ದು, ಸಿಬ್ಬಂದಿ, ರಿಪೇರಿ, ದಿನನಿತ್ಯದ ವ್ಯವಹಾರ ಕಂಪನಿಯದ್ದು. ಹೆಸರೂ ಬದಲಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹಿಡಿದ ಜರ್ಮನ್ ಹಡಗುಗಳಿಗೆ "ಹನ್" ಅಥವಾ "ಪೋಲ್" ಅಂತ ಶುರುವಾಗೋ ಹೆಸರಿಟ್ಟರು. ಲ್ಯುಟ್ಸೋ ಹೋಗಿ ಹಂಟ್ಸೆಂಡ್ ಆಯ್ತು, ಡೆರ್ಫ್ಲಿಂಗರ್ ಹೋಗಿ ಹಂಟ್ಸ್‌ಗ್ರೀನ್. ಎರಡನೆಯದರಲ್ಲಿ ಎಲ್ಲಕ್ಕೂ "ಎಂಪೈರ್". 1945ರಲ್ಲಿ ಕೀಲ್‌ನಲ್ಲಿ ಸಿಕ್ಕ "ಮೊಂಟೆ ರೋಸಾ" ಮುಂದೆ "ಎಂಪೈರ್ ವಿಂಡ್ರಷ್" ಆಯ್ತು. 1948ರಲ್ಲಿ ಕೆರಿಬಿಯನ್ ದ್ವೀಪಗಳ ಜನರನ್ನು ಇಂಗ್ಲೆಂಡಿಗೆ ಕರೆತಂದದ್ದು ಇದೇ ಹಡಗು. ಅದನ್ನು ಸರ್ಕಾರದ ಪರವಾಗಿ ನಡೆಸುತ್ತಿದ್ದದ್ದು ನ್ಯೂಜಿಲೆಂಡ್ ಶಿಪ್ಪಿಂಗ್ ಕಂಪನಿ.

ಹಾಯಿಪಟ:
ಕೆಲವೊಮ್ಮೆ ಸರಕಿಗಿಂತ ಕಾಗದವೇ ಬೆಲೆಬಾಳುತ್ತೆ. 1914ರ ಆಗಸ್ಟ್ 11ರಂದು ಮೆಲ್ಬರ್ನ್ ಹತ್ತಿರ "ಹೋಬಾರ್ಟ್" ಅನ್ನೋ ಜರ್ಮನ್ ಹಡಗಿಗೆ ಆಸ್ಟ್ರೇಲಿಯಾದ ನೌಕಾಧಿಕಾರಿಯೊಬ್ಬ ಕ್ವಾರಂಟೈನ್ ಅಧಿಕಾರಿಯ ವೇಷದಲ್ಲಿ ಹತ್ತಿದ. ಯುದ್ಧ ಶುರುವಾದದ್ದು ಜರ್ಮನ್ ಕ್ಯಾಪ್ಟನ್‌ಗೆ ಗೊತ್ತಿಲ್ಲ. ರಾತ್ರಿ ಅವನು ಗುಪ್ತ ಕಾಗದ ನಾಶಮಾಡಲು ಎದ್ದಾಗ ಹಿಡಿದರು, ಜರ್ಮನ್ ಸಂಕೇತ ಪುಸ್ತಕ ಸಿಕ್ಕಿತು. ಅದರ ಪ್ರತಿ ಲಂಡನ್ನಿಗೆ ತಲುಪಿ ಜರ್ಮನ್ ಸಂದೇಶ ಓದೋಕೆ ನೆರವಾಯಿತು.

ದೀಪಸ್ತಂಭ:
ನಾವಿಕರ ಪ್ರಶ್ನೆ ಹಾಗೇ ಉಳೀತು.

ನ್ಯಾಯದಂಡೆ:
ಹೇಗ್ ಹನ್ನೊಂದನೆಯ ಒಪ್ಪಂದದ ಪ್ರಕಾರ ತಟಸ್ಥ ದೇಶದ ನಾವಿಕರನ್ನು ಯುದ್ಧಕೈದಿ ಮಾಡುವ ಹಾಗಿಲ್ಲ. ಶತ್ರು ದೇಶದವರೂ "ಈ ಯುದ್ಧಕ್ಕೆ ಸಂಬಂಧಿಸಿದ ಕೆಲಸ ಮಾಡಲ್ಲ" ಅಂತ ಬರೆದುಕೊಟ್ಟರೆ ಬಿಡಬೇಕು. ಆಚರಣೆಯಲ್ಲಿ ಹೆಚ್ಚಿನವರನ್ನು ಶಿಬಿರಗಳಲ್ಲಿಟ್ಟರು. ಲಂಗರು ಅವರು ಹೇಳಿದ ಅಮೆರಿಕದ ಜರ್ಮನ್ ಹಡಗುಗಳ ಸಾವಿರಾರು ನಾವಿಕರನ್ನು ಉತ್ತರ ಕರೋಲಿನಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಇರಿಸಿದ್ದರು. ಅವರು ಅಲ್ಲಿ ಹಳೆ ಹಲಗೆ ಆರಿಸಿ ಪುಟ್ಟ ಜರ್ಮನ್ ಹಳ್ಳಿಯನ್ನೇ ಕಟ್ಟಿಕೊಂಡರು.

ಬಂದರುಕಾಗೆ:
ಹಡಗು ಮುಟ್ಟಿದ್ದಕ್ಕೇ ಯುದ್ಧ ಬಂದದ್ದೂ ಉಂಟು. 1916ರ ಫೆಬ್ರವರಿಯಲ್ಲಿ ತಟಸ್ಥವಾಗಿದ್ದ ಪೋರ್ಚುಗಲ್ ಬ್ರಿಟನ್ನಿನ ಕೋರಿಕೆಯಂತೆ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಿತು. ಮಾರ್ಚ್ 9ಕ್ಕೆ ಜರ್ಮನಿ ಯುದ್ಧ ಸಾರಿತು. ಎರಡನೆಯ ಯುದ್ಧದಲ್ಲಿ ಅದೇ ಪೋರ್ಚುಗಲ್ ತಟಸ್ಥವಾಗಿತ್ತಲ್ಲ, ಹಾಗಾಗಿ ಗೋವಾದ ಮುರ್ಮಗಾವಿನಲ್ಲಿ ಎಹ್ರೆನ್‌ಫೆಲ್ಸ್ ಮತ್ತು ಇನ್ನೆರಡು ಜರ್ಮನ್ ಹಡಗು, ಒಂದು ಇಟಲಿ ಹಡಗು ಆರಾಮಾಗಿ ನಿಂತಿದ್ದವು. 1943ರ ಮಾರ್ಚ್‌ನಲ್ಲಿ ಬ್ರಿಟಿಷರ ಸ್ವಯಂಸೇವಕ ಪಡೆ ಕಲ್ಕತ್ತಾ ಲೈಟ್ ಹಾರ್ಸ್‌ನವರು ರಾತ್ರಿ ದೋಣಿಯಲ್ಲಿ ಬಂದು ಎಹ್ರೆನ್‌ಫೆಲ್ಸ್ ಮೇಲೆ ಬಿದ್ದರು. ನಾಲ್ಕನ್ನೂ ಅವುಗಳ ಸಿಬ್ಬಂದಿಯೇ ಮುಳುಗಿಸಿಬಿಟ್ಟರು. ಯಾವ ಕೋರ್ಟಿಗೂ ಹೋಗಲಿಲ್ಲ ಆ ಲೆಕ್ಕ.

ಹಾಯಿಪಟ:
ಭಾರತಕ್ಕೆ ಇಂಥ ಕಾಯ್ದೆ ಇದೆಯಾ?

ನ್ಯಾಯದಂಡೆ:
ಇದೆ. ನೇವಲ್ ಅಂಡ್ ಏರ್‌ಕ್ರಾಫ್ಟ್ ಪ್ರೈಜ್ ಆಕ್ಟ್, 1971. ಹಡಗು, ವಿಮಾನ, ಸರಕು ಮೂರಕ್ಕೂ ಅನ್ವಯ.

ಬಡಗಣಗಾಳಿ:
1965ರ ಯುದ್ಧದಾಗ ಎರಡೂ ದೇಶ ಒಬ್ಬರದೊಬ್ಬರು ಆಸ್ತಿ ಹಿಡಿದಿಟ್ಟುಕೊಂಡ್ವು. 1966ರ ತಾಷ್ಕೆಂಟ್ ಘೋಷಣೆಯೊಳಗ ಅದನ್ನ ಹಿಂದಿರುಗಿಸೋ ಬಗ್ಗೆ ಚರ್ಚೆ ಮಾಡ್ತೀವಿ ಅಂತ ಬರಕೊಟ್ರು. ಚರ್ಚೆ ಅಂತ ಬರದ್ರ ಚರ್ಚೆನೇ ಉಳೀತದ. ಎರಡೇ ವರ್ಷಕ್ಕ ಇಲ್ಲಿ ಶತ್ರು ಆಸ್ತಿ ಕಾಯ್ದೆ ಬಂತು, 1968ರಾಗ. ಅತ್ತ ಅಮೆರಿಕ ನೋಡ್ರಿ, ಜರ್ಮನ್ ಹಡಗಿನ ಮಾಲಕರಿಗೆ ಪರಿಹಾರ ಗೊತ್ತುಮಾಡಾಕ 1928ರಾಗ ಕಾನೂನು ಮಾಡ್ತು, ಅದಕ್ಕಂತ ಒಬ್ಬ ಮಧ್ಯಸ್ಥಗಾರನ್ನೂ ನೇಮಿಸ್ತು. ಸೋತ ಶತ್ರುವಿನ ಮಾಲಕಗ, ಯುದ್ಧ ಮುಗಿದು ಹತ್ತು ವರ್ಷದ ಮ್ಯಾಲೆ. ನಾ ಕೇಳೋದು ಇಷ್ಟ: ಕೋರ್ಟಿನ ತೀರ್ಪು ಒಂದು ಕಡೆ ಇರಲಿ, ಮಾಲಕಗ ರೊಕ್ಕ ಮುಟ್ಟಿತೋ ಇಲ್ಲೋ?

ದೀಪಸ್ತಂಭ:
@ಬಡಗಣಗಾಳಿ 1928ರ ಆ ಕಾನೂನಿನ ಬಗ್ಗೆ ಬೇರೆ ಚರ್ಚೆ ಶುರುಮಾಡ್ತೀನಿ, ನೀವು ಮತ್ತೆ ನ್ಯಾಯದಂಡೆ ಇಬ್ಬರೂ ಬರಲೇಬೇಕು.

ನ್ಯಾಯದಂಡೆ:
ಬರ್ತೀನಿ. ಒಡೆಸ್ಸಾ ಬ್ಯಾಂಕಿನ ವಾದವನ್ನೂ ಅಲ್ಲಿ ಪೂರ್ತಿ ಹಾಕ್ತೀನಿ, ಲಂಗರು ಸರ್ ನೋಡಿ ಹೇಳಲಿ.